ಎರಡನೆಯ ಬಣ್ಣ

ಸ್ಕೂಟರಿಗೆ ಮೂರು ಬಣ್ಣ ಎಂಬುದು ನಮ್ಮ ಸಾಗರದ ಕಡೆ ಬಹಳ ಕಾಲ ನಡೆದುಬಂದ ಲೆಕ್ಕ. ಮೊದಲನೆಯದು ಕಾರ್ಖಾನೆಯವರು ಹೊಡೆದು ಕಳಿಸಿದ್ದು. ಎರಡನೆಯದು ಏಳೆಂಟು ಮಳೆಗಾಲ ಕಳೆದು, ಕಾಲಿಡುವ ತಗಡಿನ ಅಂಚು ಕೆಂಪಗಾದ ಮೇಲೆ ಊರಿನ ಪೇಂಟರು ಹೊಡೆದದ್ದು. ಮೂರನೆಯದು ಹದಿನೈದು ವರ್ಷ ತುಂಬಿ ರಿಜಿಸ್ಟ್ರೇಷನ್ ನವೀಕರಿಸಲು ಆರ್.ಟಿ.ಓ. ಕಚೇರಿಗೆ ಒಯ್ಯುವ ಮುನ್ನವೋ, ಬಂದ ಬೆಲೆಗೆ ಮಾರುವ ಮುನ್ನವೋ, ಹೇಗೋ ಒಂದು ಮುಖ ಕಾಣಲಿ ಎಂದು ಬಳಿದದ್ದು. ಮೊದಲನೆಯ ಬಣ್ಣದ ಚರಿತ್ರೆ ಕಂಪನಿಗಳ ಕಡತಗಳಲ್ಲಿ ಸಿಕ್ಕೀತು. ಮೂರನೆಯದಕ್ಕೆ ಚರಿತ್ರೆಯ ಹಂಗಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಎರಡನೆಯ ಬಣ್ಣದ ಮಾತನ್ನು. ಅದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡುವಂಥದು ಅದರಲ್ಲಿ ಏನಿದೆ ಎಂದು ಕೇಳುವವರೂ ಇದ್ದಾರೆ. ಇದೆ ಎಂಬುದೇ ನನ್ನ ವಾದ.

ಮೊದಲಿಗೆ, ಸ್ಕೂಟರಿಗೆ ಬಣ್ಣ ಅಷ್ಟು ಮುಖ್ಯವಾದದ್ದು ಏಕೆ ಎಂಬುದನ್ನು ನೋಡಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಇಟಲಿಯ ಪಿಯಾಜಿಯೋ ಎಂಬ ವಿಮಾನ ತಯಾರಿಸುವ ಕಂಪನಿಗೆ ಕೆಲಸವಿಲ್ಲದಂತಾಯಿತು. ಅದರ ಪೊಂಟೆಡೆರಾ ಕಾರ್ಖಾನೆ ಬಾಂಬಿನಿಂದ ನೆಲಸಮವಾಗಿತ್ತು. ಮಾಲೀಕ ಎನ್ರಿಕೋ ಪಿಯಾಜಿಯೋ, ಜನಸಾಮಾನ್ಯರು ಕೊಳ್ಳಬಹುದಾದ ಅಗ್ಗದ ವಾಹನವೊಂದನ್ನು ಮಾಡಿಕೊಡಿ ಎಂದು ಕೊರಾಡಿನೋ ಡಸ್ಕಾನಿಯೋ ಎಂಬ ಎಂಜಿನಿಯರನ್ನು ಕೇಳಿದ. ಈತ ಹೆಲಿಕಾಪ್ಟರಿನ ಮೇಲೆ ಪ್ರಯೋಗ ನಡೆಸಿದವನು. ಮೋಟಾರ್ ಸೈಕಲ್ ಕಂಡರೆ ಆಗದವನು. ಹೀಗಾಗಿ ಮೋಟಾರ್ ಸೈಕಲ್ಲಿನ ಕೊಳವೆ ಚೌಕಟ್ಟನ್ನು ಆತ ಕೈಬಿಟ್ಟು, ವಿಮಾನದ ಮೈಯಂತೆ ಒತ್ತಿದ ಉಕ್ಕಿನ ತಗಡಿನಿಂದಲೇ ಇಡೀ ದೇಹವನ್ನು ಮಾಡಿದ. 1946ರ ಏಪ್ರಿಲ್‌ನಲ್ಲಿ ಇದರ ಪೇಟೆಂಟಿಗೆ ಅರ್ಜಿ ಹೋಯಿತು. ಇದೇ ವೆಸ್ಪಾ, ಇಟಾಲಿಯನ್ ಭಾಷೆಯಲ್ಲಿ ಕಣಜ ಎಂದರ್ಥ.

ಇದರ ಪರಿಣಾಮವನ್ನು ಗಮನಿಸಿ. ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲಿನ ಬಣ್ಣ ಕಿತ್ತುಹೋದರೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೆ. ವೆಸ್ಪಾ ಮಾದರಿಯ ಸ್ಕೂಟರಿನಲ್ಲಿ ತಗಡೇ ಎಲುಬು, ತಗಡೇ ಚರ್ಮ. ಕಾಲಿಡುವ ಹಲಗೆ ತುಕ್ಕು ಹಿಡಿದರೆ ಸವಾರನ ಕಾಲು ಮಾತ್ರವಲ್ಲ, ಗಾಡಿಯೇ ಕುಸಿಯುತ್ತದೆ. 1947ರಲ್ಲಿ ಮಿಲಾನಿನ ಇನ್ನೊಚೆಂಟಿ ಕಂಪನಿ ಹೊರತಂದ ಲ್ಯಾಂಬ್ರೆಟ್ಟಾ ಬೇರೆ ಜಾತಿಯದು. ಒಳಗೆ ದಪ್ಪ ಕೊಳವೆಯ ಚೌಕಟ್ಟು, ಅದರ ಮೇಲೆ ತಗಡಿನ ಹೊದಿಕೆ. ಅದರ ಪಕ್ಕದ ತಗಡು ತೂತಾದರೂ ಗಾಡಿ ಓಡುತ್ತದೆ. ನಮ್ಮ ದೇಶದಲ್ಲಿ ಹೆಚ್ಚು ಮಾರಾಟವಾದದ್ದು ಮೊದಲನೆಯ ಜಾತಿ. ಆದ್ದರಿಂದ ನಮ್ಮಲ್ಲಿ ಬಣ್ಣ ಹೊಡೆಸುವುದೆಂದರೆ ಶೋಕಿಯಲ್ಲ. ಹಂಚಿನ ಮನೆಯ ಮಾಡನ್ನು ಮಳೆಗೆ ಮುಂಚೆ ಕೈಯಾಡಿಸಿದಂತೆ, ಆಸ್ತಿ ಉಳಿಸಿಕೊಳ್ಳುವ ಕೆಲಸ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬಚ್‌ರಾಜ್ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಬಜಾಜ್ ಮನೆತನದ ಸಂಸ್ಥೆ ಹೊರದೇಶದ ಎರಡು ಮತ್ತು ಮೂರು ಚಕ್ರದ ವಾಹನಗಳನ್ನು ತರಿಸಿ ಮಾರತೊಡಗಿತು. ಐವತ್ತರ ದಶಕದಲ್ಲಿ ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾದವರು ಲ್ಯಾಂಬ್ರೆಟ್ಟಾ ಜೋಡಿಸಿ ಕೊಡುತ್ತಿದ್ದರು. ಬಜಾಜ್‌ಗೆ ತಯಾರಿಕೆಯ ಲೈಸೆನ್ಸು ಸಿಕ್ಕಿದ್ದು 1959ರಲ್ಲಿ. ಪಿಯಾಜಿಯೋ ಜೊತೆಗಿನ ಒಪ್ಪಂದ 1971ರಲ್ಲಿ ಮುಗಿದು, ಸರ್ಕಾರ ಅದನ್ನು ಮುಂದುವರಿಸಲು ಬಿಡಲಿಲ್ಲ. ಮರುವರ್ಷ ಅದೇ ಗಾಡಿ, ಅದೇ ತಗಡು, ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಚೇತಕ್ ಆಯಿತು. ಅದೇ 1972ರಲ್ಲಿ ಕೇಂದ್ರ ಸರ್ಕಾರ ಲಕ್ನೋದಲ್ಲಿ ಸ್ಕೂಟರ್ಸ್ ಇಂಡಿಯಾ ಸ್ಥಾಪಿಸಿ, ಇನ್ನೊಚೆಂಟಿಯ ಯಂತ್ರಗಳನ್ನೇ ಕೊಂಡು ತಂದಿತು. ವಿಜಯ್ ಸೂಪರ್ ಬಂದದ್ದು ಅಲ್ಲಿಂದ. ಹೈದರಾಬಾದಿನ ಆಲ್ವಿನ್ ಪುಷ್ಪಕ್ ಕೂಡ ಆ ವಂಶದ್ದೇ.

ಗಾಡಿಗಳ ಹೆಸರು ಹೆಚ್ಚಿದವೇ ಹೊರತು ಗಾಡಿಗಳು ಸಿಗುತ್ತಿರಲಿಲ್ಲ. ಕಾರ್ಖಾನೆ ಎಷ್ಟು ತಯಾರಿಸಬೇಕು ಎಂಬುದನ್ನು ಲೈಸೆನ್ಸು ನಿರ್ಧರಿಸುತ್ತಿತ್ತು. ಯಾರಿಗೆ ಮಾರಬೇಕು, ಹೇಗೆ ಮಾರಬೇಕು ಎಂಬುದಕ್ಕೆ 1960ರಲ್ಲೇ ಒಂದು ನಿಯಂತ್ರಣ ಆದೇಶ ಹೊರಟಿತ್ತು. ಠೇವಣಿ ಕಟ್ಟಿ ಹೆಸರು ಬರೆಸಿ ಕಾಯಬೇಕು. ಎಪ್ಪತ್ತರ ದಶಕದಲ್ಲಿ ಈ ಕಾಯುವಿಕೆ ಹತ್ತು ವರ್ಷದವರೆಗೂ ಎಳೆಯುತ್ತಿತ್ತು. ಸರ್ಕಾರಿ ನೌಕರರಿಗೆ ಒಂದು ಕೋಟಾ. ವಿದೇಶಿ ವಿನಿಮಯದಲ್ಲಿ ಹಣ ಕಟ್ಟುವವರಿಗೆ ಇನ್ನೊಂದು ಬಾಗಿಲು. ಅಮೆರಿಕಾದಲ್ಲಿ ಭಾವಮೈದುನನಿದ್ದವರು ತಿಂಗಳೊಪ್ಪತ್ತಿನಲ್ಲಿ ಚೇತಕ್ ಏರಿದರೆ, ಉಳಿದವರು ಬುಕಿಂಗ್ ಚೀಟಿಯನ್ನು ಜಾತಕದ ಜೊತೆ ಪೆಟ್ಟಿಗೆಯಲ್ಲಿಟ್ಟು ಕಾದರು. ಜಾತಕದ ಮಾತು ಸುಮ್ಮನೆ ಆಡಿದ್ದಲ್ಲ. ವರನ ಕಡೆಯವರು ಸ್ಕೂಟರು ಕೇಳುವುದು ಆ ಕಾಲದ ಪಿಡುಗಾಗಿತ್ತು. ಹೆಣ್ಣು ಹುಟ್ಟಿದ ವರ್ಷವೇ ಸ್ಕೂಟರಿಗೆ ಹೆಸರು ಬರೆಸಿ ಎಂಬ ಕಹಿ ನಗೆಮಾತು ಮದುವೆಮನೆಗಳಲ್ಲಿ ಕೇಳಿಬರುತ್ತಿತ್ತು.

ಹೊಸದು ಸಿಗದ ಕಡೆ ಹಳೆಯದಕ್ಕೆ ಬೆಲೆ. ಓಡಿಸಿದ ಗಾಡಿ ಹೊಸದರ ಕಂಪನಿ ಬೆಲೆಗಿಂತ ಹೆಚ್ಚಿಗೆ ಮಾರಾಟವಾದ ವಿಚಿತ್ರವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಹಾಗಾಗಿ ಸ್ಕೂಟರು ಸಾಯುವಂತಿರಲಿಲ್ಲ. ಎಂಜಿನ್ ಬೋರ್ ಮಾಡಿಸಿ, ಕ್ಲಚ್ ಪ್ಲೇಟು ಬದಲಿಸಿ, ತಗಡಿಗೆ ತೇಪೆ ಹಾಕಿಸಿ, ಬಣ್ಣ ಹೊಡೆಸಿ, ಇಪ್ಪತ್ತು ವರ್ಷ ಎಳೆಯುವುದು ಸಾಮಾನ್ಯವಾಯಿತು. ದೆಹಲಿಯಲ್ಲಿ ಹೊರಟ ಒಂದು ಆದೇಶ ಸಾಗರದಂಥ ಊರಿನಲ್ಲಿ ಮೂರು ಪೇಂಟಿಂಗ್ ಶೆಡ್ಡುಗಳನ್ನು ಹುಟ್ಟಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಈಗ ಬಣ್ಣದ ಕಡೆ ಬರೋಣ. ನಮ್ಮ ನಾಡಿಗೆ ಹೊಳಪಿನ ಬಣ್ಣ ಹೊಸದೇನಲ್ಲ. ಚನ್ನಪಟ್ಟಣದ ಬೊಂಬೆಯ ಮಿರುಗು ಅರಗಿನದು. ಕಾಡಿನ ಮರಗಳ ಮೇಲೆ ಕೂರುವ ಸಣ್ಣ ಕೀಟ ಸುರಿಸುವ ಅಂಟು ಅದು. ಆ ಅರಗನ್ನೇ ನಂಬಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಕಾರ್ಖಾನೆ ಶುರುವಾಯಿತು. 1962ರ ಮಹಾಚುನಾವಣೆಯಿಂದೀಚೆಗೆ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಅಲ್ಲಿಯೇ. ಅಳಿಸಲಾಗದ ಬಣ್ಣವನ್ನು ದೇಶಕ್ಕೆಲ್ಲ ಒದಗಿಸಿದ ರಾಜ್ಯದಲ್ಲಿ ಸ್ಕೂಟರಿನ ಬಣ್ಣ ಮಾತ್ರ ಏಳು ಮಳೆಗೆ ಏಳುತ್ತಿತ್ತು ಎಂಬುದು ಬೇರೆ ಮಾತು.

ವಾಹನಗಳಿಗೆ ಮೊದಮೊದಲು ಹೊಡೆಯುತ್ತಿದ್ದದ್ದು ಕುದುರೆಗಾಡಿಯ ಎಣ್ಣೆ ವಾರ್ನಿಷು. ಒಂದು ಪದರ ಒಣಗಿ ಇನ್ನೊಂದು ಹಚ್ಚಿ, ಒಂದು ಕಾರು ಹೊರಬೀಳಲು ವಾರಗಟ್ಟಲೆ ಹಿಡಿಯುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದಿಗೆಂದು ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಿ ರಾಶಿಗಟ್ಟಲೆ ನೈಟ್ರೋಸೆಲ್ಯುಲೋಸ್ ತಯಾರಿಸಿದ್ದರು. ಯುದ್ಧ ಮುಗಿದ ಮೇಲೆ ಆ ವಿದ್ಯೆಗೆ ಬೇರೆ ದಾರಿ ಬೇಕಾಯಿತು. ಅಮೆರಿಕಾದ ಡ್ಯುಪಾಂಟ್ ಕಂಪನಿ ಅದರಿಂದ ಡ್ಯೂಕೋ ಎಂಬ ಬಣ್ಣ ತೆಗೆಯಿತು. ಜನರಲ್ ಮೋಟಾರ್ಸ್‌ನವರು ತಮ್ಮ 1924ರ ಓಕ್‌ಲ್ಯಾಂಡ್ ಕಾರಿಗೆ ಅದರ ನೀಲಿಯನ್ನು ಹೊಡೆದರು. ಅಲ್ಲಿಗೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಕಾರೆಂದರೆ ಕಪ್ಪು ಎಂಬ ಕಾಲವೂ ಮುಗಿಯುತ್ತ ಬಂತು. ಕಂಪನಿಯ ಹೆಸರು ಮರೆತುಹೋಗಿ, ಬಣ್ಣದ ಹೆಸರು ನಮ್ಮ ಗ್ಯಾರೇಜುಗಳಲ್ಲಿ ಉಳಿಯಿತು. ಇಂದಿಗೂ ‘ಡ್ಯೂಕೋ ಹೊಡೆಸಬೇಕಾ, ಸಿಂಥೆಟಿಕ್ ಸಾಕಾ?’ ಎಂದು ಕೇಳುವ ಪೇಂಟರುಗಳಿದ್ದಾರೆ.

ಬಣ್ಣ ಹಾರಿಸುವ ಗನ್ನಿಗೂ ಒಂದು ಕತೆಯಿದೆ. ಅಮೆರಿಕಾದ ಟೊಲೆಡೋ ಊರಿನ ಡಾಕ್ಟರ್ ಅಲೆನ್ ಡೆವಿಲ್ಬಿಸ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ಒಂದು ಸಣ್ಣ ಸಾಧನ ಮಾಡಿದ್ದ. ಆತನ ಮಗ ಅದನ್ನು ಬಣ್ಣಕ್ಕೆ ಹೊಂದಿಸಿದ. ಗಂಟಲಿನ ಉಪಶಮನಕ್ಕೆಂದು ಹುಟ್ಟಿದ ಉಪಕರಣ ಮುಂದೆ ಎಷ್ಟು ಪೇಂಟರುಗಳ ಗಂಟಲು ಕೆಡಿಸಿತು ಎಂಬುದನ್ನು ಮುಂದೆ ಹೇಳುತ್ತೇನೆ. ನೀರಿನಲ್ಲಿ ಅದ್ದಿ ಉಜ್ಜುವ ಕಾಗದ 1921ರಲ್ಲಿ ಅಮೆರಿಕಾದ ಪೇಟೆಗೆ ಬಂತು. ಒಣ ಕಾಗದದಿಂದ ಉಜ್ಜಿದಾಗ ಏಳುತ್ತಿದ್ದ ಸೀಸದ ಧೂಳನ್ನು ಅದು ತಗ್ಗಿಸಿತು. 1925ರಲ್ಲಿ ಅದೇ ಕಂಪನಿಯ ರಿಚರ್ಡ್ ಡ್ರೂ ಎಂಬ ತರುಣ, ಎರಡು ಬಣ್ಣದ ಕಾರಿಗೆ ಗೆರೆ ಹಿಡಿಯಲಾರದೆ ಶಾಪ ಹಾಕುತ್ತಿದ್ದ ಪೇಂಟರುಗಳನ್ನು ನೋಡಿ, ಅಂಟಿಸಿ ಕೀಳಬಹುದಾದ ಟೇಪನ್ನು ಮಾಡಿದ. ಡ್ಯೂಕೋ, ಗನ್ನು, ವಾಟರ್ ಪೇಪರ್, ಟೇಪು: ಇಪ್ಪತ್ತೈದು ವರ್ಷದೊಳಗೆ ಹುಟ್ಟಿದ ಈ ನಾಲ್ಕು ಸಾಮಾನುಗಳಲ್ಲಿ ಮೊದಲ ಮೂರು, ಅರ್ಧ ಶತಮಾನ ತಡವಾಗಿ, ಸಾಗರದ ಒಂದು ತಗಡಿನ ಶೆಡ್ಡಿನಲ್ಲಿ ಒಟ್ಟಾಗಿದ್ದುದನ್ನು ನಾನು ಕಂಡಿದ್ದೇನೆ. ನಾಲ್ಕನೆಯದು ದುಬಾರಿ, ಅದರ ಕೆಲಸವನ್ನು ಹಳೆಯ ವೃತ್ತಪತ್ರಿಕೆ ಮತ್ತು ಗ್ರೀಸು ಮಾಡುತ್ತಿದ್ದವು.

ನಮ್ಮ ತಂದೆ ಹೈಸ್ಕೂಲು ಮೇಷ್ಟರು. ಅವರ ಸೆಕೆಂಡ್ ಹ್ಯಾಂಡ್ ಚೇತಕ್ ತಿಳಿ ಹಸಿರು ಬಣ್ಣದ್ದು. ಅದರ ಎರಡನೆಯ ಬಣ್ಣ ಆದದ್ದು 1986ರ ಬೇಸಿಗೆ ರಜೆಯಲ್ಲಿ. ಪೇಂಟರು ಒಬ್ಬ ಹಿರಿಯ ಮುಸಲ್ಮಾನರು. ಊರೆಲ್ಲ ಅವರನ್ನು ಪೇಂಟರ್ ಸಾಬರು ಎಂದೇ ಕರೆಯುತ್ತಿತ್ತು, ಅವರೂ ಅದನ್ನೇ ಹೆಸರೆಂದು ಒಪ್ಪಿಕೊಂಡಿದ್ದರು. ಅವರ ಇಬ್ಬರು ಮಕ್ಕಳೂ ಶಾಲೆಯಲ್ಲಿ ತಂದೆಯ ಶಿಷ್ಯರಾದ್ದರಿಂದ ಚೌಕಾಸಿ ಬಹಳ ಮರ್ಯಾದೆಯಿಂದ ನಡೆಯಿತು.

“ಸಾಬ್ರೇ, ಪೂರ್ತಿ ಗಾಡಿ ಬೇಡ. ಎರಡು ಪಕ್ಕದ ಕವರು, ಮುಂದಿನ ಮಡ್‌ಗಾರ್ಡು, ಕಾಲಿಡೋ ಜಾಗ, ಇಷ್ಟಾದರೆ ಸಾಕು,” ಎಂದರು ತಂದೆ.

“ಆಗ್ಲಿ ಮೇಷ್ಟ್ರೇ. ಆದ್ರೆ ಅಂಗಿ ಹೊಸದು, ಪಂಚೆ ಹಳೇದು ಅನ್ನೋ ಹಂಗೆ ಕಾಣ್ತದೆ. ಆಮೇಲೆ ನನ್ನ ಬೈಬಾರ್ದು.”

“ಬಣ್ಣ ಅದೇ ಹೊಂದಿಸಿಕೊಡಿ.”

“ಹೊಂದ್ಸೋದೇ ಕಷ್ಟ ಮೇಷ್ಟ್ರೇ. ಗಾಡಿ ಬಿಸಿಲು ಕುಡಿದಿದೆ, ಡಬ್ಬಿ ಕುಡಿದಿಲ್ಲ.”

ಈ ಮಾತಿನಲ್ಲಿ ಬಜೆಟ್ ಪೇಂಟಿಂಗಿನ ಇಡೀ ಶಾಸ್ತ್ರವಿದೆ. ಸ್ಕೂಟರಿನ ತಗಡುಗಳಲ್ಲಿ ಕಳಚಿ ತೆಗೆಯಬಹುದಾದವು ಮೂರೋ ನಾಲ್ಕೋ: ಬಲಗಡೆ ಎಂಜಿನ್ ಮುಚ್ಚುವ ಕವರು, ಎಡಗಡೆಯ ಕವರು, ಮುಂದಿನ ಮಡ್‌ಗಾರ್ಡು, ಹಾರ್ನಿನ ಮುಂದಿನ ಮೂಗು. ಇವನ್ನು ಕಳಚಿಕೊಟ್ಟರೆ ಕೂಲಿ ಕಡಿಮೆ. ಗಾಡಿ ಪೂರ್ತಿ ಹೊಡೆಯಬೇಕಾದರೆ ಎಂಜಿನ್, ವೈರು, ಕೇಬಲ್ಲು ಎಲ್ಲ ಇಳಿಸಬೇಕು. ಅದಕ್ಕೆ ಮೆಕ್ಯಾನಿಕ್ಕಿನ ಕೂಲಿ ಬೇರೆ. ಬಣ್ಣ ಬದಲಿಸಿದರೆ ಇನ್ನೊಂದು ತಾಪತ್ರಯ. ಗಾಡಿಯ ಬಣ್ಣ ಆರ್.ಸಿ. ಪುಸ್ತಕದಲ್ಲಿ ದಾಖಲಾಗಿರುತ್ತದೆ, ಹಸಿರಿನ ಗಾಡಿ ನೀಲಿಯಾದರೆ ಕಚೇರಿಗೆ ಹೋಗಿ ತಿದ್ದಿಸಬೇಕು. ಆ ಕಾಲದಲ್ಲಿ ಎಷ್ಟೋ ಮಂದಿ ತಮಗೆ ಇಷ್ಟವಿಲ್ಲದ ಬಣ್ಣದ ಗಾಡಿಯನ್ನು ಅದೇ ಬಣ್ಣದಲ್ಲಿ ಇಪ್ಪತ್ತು ವರ್ಷ ಓಡಿಸಿದ್ದಕ್ಕೆ ಕಾರಣ ಪ್ರೀತಿಯಲ್ಲ, ಕಚೇರಿ.

ಕಾರ್ಖಾನೆಯ ಬಣ್ಣಕ್ಕೂ ಊರಿನ ಬಣ್ಣಕ್ಕೂ ಒಂದು ಮೂಲ ವ್ಯತ್ಯಾಸವಿದೆ. ಕಾರ್ಖಾನೆಯಲ್ಲಿ ಬರಿಯ ತಗಡಿಗೆ ಬಣ್ಣ ಹೊಡೆದು ನೂರು ಡಿಗ್ರಿಗೂ ಮೀರಿದ ಕಾವಿನ ಒಲೆಯಲ್ಲಿ ಬೇಯಿಸುತ್ತಾರೆ. ಬೆಂದ ಬಣ್ಣ ಗಡಸು. ರಬ್ಬರು, ವೈರು, ಪೆಟ್ರೋಲ್ ಟ್ಯಾಂಕು ಎಲ್ಲ ಕೂಡಿಕೊಂಡ ಮೇಲೆ ಆ ಗಾಡಿಯನ್ನು ಮತ್ತೆ ಒಲೆಗಿಡಲು ಆಗುವುದಿಲ್ಲ. ಹೀಗಾಗಿ ಎರಡನೆಯ ಬಣ್ಣ ಗಾಳಿಯಲ್ಲೇ ಒಣಗಬೇಕು. ಇದಕ್ಕೆ ಎರಡು ದಾರಿ. ಸಿಂಥೆಟಿಕ್ ಎನಾಮೆಲ್ ಅಗ್ಗ, ಉಜ್ಜದೆಯೇ ಹೊಳೆಯುತ್ತದೆ. ಆದರೆ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುವಂಥದು. ಒಣಗುವಷ್ಟರಲ್ಲಿ ರಸ್ತೆಯ ಧೂಳು, ಸೊಳ್ಳೆ, ಹತ್ತಿಯ ಎಳೆ ಎಲ್ಲ ಬಂದು ಕೂರುತ್ತವೆ. ಡ್ಯೂಕೋ ಥಿನ್ನರು ಆವಿಯಾದೊಡನೆ ಒಣಗುತ್ತದೆ, ಹದಿನೈದು ನಿಮಿಷದಲ್ಲಿ ಕೈಗೆ ಅಂಟುವುದಿಲ್ಲ. ಆದರೆ ಹೊಳಪು ಬರಲು ಕಾಂಪೌಂಡು ಹಚ್ಚಿ ತೋಳು ಬೀಳುವಂತೆ ತಿಕ್ಕಬೇಕು. ಒಂದರಲ್ಲಿ ಕಾಸು ಉಳಿಯುತ್ತದೆ, ಇನ್ನೊಂದರಲ್ಲಿ ಮರ್ಯಾದೆ ಉಳಿಯುತ್ತದೆ ಎಂದು ಸಾಬರು ಹೇಳುತ್ತಿದ್ದರು. ತಂದೆ ಎರಡನೆಯದನ್ನು ಆರಿಸಿದರು. ಪಕ್ಕದ ಕವರುಗಳಿಗೆ ಡ್ಯೂಕೋ, ಯಾರಿಗೂ ಕಾಣದ ಒಳಮೈಗೆ ಮತ್ತು ಚಕ್ರದ ಮೇಲಿನ ಭಾಗಕ್ಕೆ ಬ್ರಷ್ಷಿನಲ್ಲಿ ಸಿಂಥೆಟಿಕ್.

ಕೆಲಸ ಐದು ದಿನದ್ದು. ಅದರಲ್ಲಿ ಬಣ್ಣ ಹೊಡೆಯುವುದು ಅರ್ಧ ದಿನ. ಉಳಿದದ್ದೆಲ್ಲ ಉಜ್ಜುವುದು. ಮೊದಲು ಕಾಲಿಡುವ ಜಾಗದ ಅಲ್ಯೂಮಿನಿಯಂ ಪಟ್ಟಿಗಳನ್ನು ಬಿಚ್ಚಬೇಕು. ಇದನ್ನು ಬಿಚ್ಚದೆ ಬಣ್ಣ ಹೊಡೆಯುವವನು ಕಳ್ಳ ಎಂಬುದು ಸಾಬರ ಅಭಿಪ್ರಾಯ. ಏಕೆಂದರೆ ಮಳೆಯ ನೀರು ನಿಲ್ಲುವುದು ಆ ಪಟ್ಟಿಗಳ ಅಡಿಯಲ್ಲಿ, ತುಕ್ಕು ಶುರುವಾಗುವುದೂ ಅಲ್ಲಿಂದಲೇ. ತುಕ್ಕಾದ ಕಬ್ಬಿಣ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅದು ಉಬ್ಬಿ ಮೇಲಿನ ಬಣ್ಣವನ್ನು ಎತ್ತುತ್ತದೆ. ಎತ್ತಿದ ಸಂದಿಗೆ ಮತ್ತೆ ನೀರು ನುಗ್ಗುತ್ತದೆ. ತುಕ್ಕಿನ ಮೇಲೆ ಬಣ್ಣ ಬಳಿದರೆ ಗಾಯದ ಕೀವು ತೆಗೆಯದೆ ಪಟ್ಟಿ ಕಟ್ಟಿದಂತೆ. ಒರಟು ಉಪ್ಪುಕಾಗದದಲ್ಲಿ ತಗಡು ಬೆಳ್ಳಗೆ ಕಾಣುವವರೆಗೆ ಉಜ್ಜಿ, ಪೆಟ್ರೋಲಿನಲ್ಲಿ ಒರೆಸಿ, ಬೆವರಿನ ಕೈ ತಾಗಿಸದೆ ಕೂಡಲೇ ರೆಡ್ ಆಕ್ಸೈಡ್ ಹಚ್ಚಬೇಕು. ಆಮೇಲೆ ಗುಳಿಗಳಿಗೆ ಪುಟ್ಟಿ. ಪುಟ್ಟಿಯನ್ನು ತೆಳ್ಳಗೆ ಎಳೆದು, ಒಣಗಿಸಿ, ವಾಟರ್ ಪೇಪರಿನಲ್ಲಿ ಉಜ್ಜಿ, ಮತ್ತೆ ಎಳೆಯಬೇಕು. ಒಂದೇ ಸಲ ದಪ್ಪಗೆ ಮೆತ್ತಿದರೆ ಮೇಲೆ ಒಣಗಿ ಒಳಗೆ ಹಸಿಯಿದ್ದು, ತಿಂಗಳಲ್ಲಿ ಬಿರುಕು ಬಿಡುತ್ತದೆ. ಬಳಿಕ ಸರ್ಫೇಸರ್, ನುಣುಪು ಕಾಗದ, ಕೊನೆಗೆ ಬಣ್ಣ.

ಗುಳಿ ಉಳಿದಿದೆಯೇ ಎಂದು ನೋಡಲು ಸಾಬರು ಕಣ್ಣನ್ನು ನಂಬುತ್ತಿರಲಿಲ್ಲ. ಕಣ್ಣು ಮುಚ್ಚಿ, ಅಂಗೈಯನ್ನು ತಗಡಿನ ಮೇಲೆ ಸವರುತ್ತ ಹೋಗುತ್ತಿದ್ದರು. ಒಂದು ಕಡೆ ಕೈ ನಿಲ್ಲುತ್ತಿತ್ತು. ನಮಗೆ ಕಾಣುವಂಥದ್ದು ಅಲ್ಲಿ ಏನೂ ಇರುತ್ತಿರಲಿಲ್ಲ. ಬಣ್ಣ ಹೊಡೆದ ಮೇಲೆ ನೋಡಿದರೆ ಅವರು ಹೇಳಿದ್ದು ನಿಜ ಎಂದು ಗೊತ್ತಾಗುತ್ತಿತ್ತು, ಹೊಳಪಿನಲ್ಲಿ ಕಾಣುವ ಮಾವಿನ ಮರದ ನೆರಳು ಅಲ್ಲಿ ಸೊಟ್ಟಗಾಗುತ್ತಿತ್ತು.

ಮಲೆನಾಡಿನಲ್ಲಿ ಈ ಕಸುಬಿಗೆ ಇನ್ನೊಂದು ಕಟ್ಟು ಇತ್ತು. ಜೂನ್ ಹುಟ್ಟಿದರೆ ಗನ್ನು ಕೆಳಗಿಡಬೇಕು. ಥಿನ್ನರು ಆವಿಯಾಗುವಾಗ ತಗಡನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಂಪಿಗೆ ಮಂಜು ಕೂತು, ಹಸಿ ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ‘ಬಣ್ಣಕ್ಕೆ ಬೂಸ್ಟು ಬಂತು’ ಎನ್ನುತ್ತಿದ್ದರು ಸಾಬರು. ನಿಧಾನವಾಗಿ ಆರುವ ಬೇರೆ ಥಿನ್ನರು ಸೇರಿಸಿದರೆ ಇದನ್ನು ತಡೆಯಬಹುದು; ಅದಕ್ಕೆ ದುಡ್ಡು ಹೆಚ್ಚು. ಹೀಗಾಗಿ ಮಳೆಗಾಲದ ನಾಲ್ಕು ತಿಂಗಳು ಅವರು ನಂಬರ್ ಪ್ಲೇಟು ಬರೆಯುವುದು, ಅಂಗಡಿಯ ಬೋರ್ಡು ಬರೆಯುವುದು, ಗಣಪತಿ ಮೂರ್ತಿಗಳಿಗೆ ಬಣ್ಣ ಬಳಿಯುವುದು ಇತ್ಯಾದಿ ಮಾಡಿಕೊಂಡು ಕಾಲ ಹಾಕುತ್ತಿದ್ದರು. ಇದರಲ್ಲಿ ಯಾರಿಗೂ ವಿಶೇಷವೇನೂ ಕಂಡಿರಲಿಲ್ಲ.

ಒಟ್ಟು ಖರ್ಚು ತಂದೆಯ ತಿಂಗಳ ಸಂಬಳದ ಮೂರನೆಯ ಒಂದು ಪಾಲಿನಷ್ಟಾಯಿತು. ತಂದೆ ಅದನ್ನು ಎರಡು ಕಂತಿನಲ್ಲಿ ಕೊಟ್ಟರು. ಆ ಬಣ್ಣ ಒಂಬತ್ತು ಮಳೆಗಾಲ ನಿಂತಿತು.

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯ ಕಾಲದ ಹೊಗಳಿಕೆಯಾಗುತ್ತದೆ. ನಮ್ಮಲ್ಲಿ ಇಂಥ ಹೊಗಳಿಕೆ ಈಗ ಬೇಕಾದಷ್ಟಿದೆ: ಆಗ ಯಾವುದನ್ನೂ ಎಸೆಯುತ್ತಿರಲಿಲ್ಲ, ಎಲ್ಲವನ್ನೂ ರಿಪೇರಿ ಮಾಡಿ ಬಳಸುತ್ತಿದ್ದೆವು, ಆ ಜಾಣತನ ಈಗಿನವರಿಗೆ ಇಲ್ಲ, ಎಂದು. ಆದರೆ ಆ ಅಗ್ಗ ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿದರೆ ಈ ಹೊಗಳಿಕೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಡ್ಯೂಕೋ ಡಬ್ಬಿಯ ಬೆಲೆ ಸಾಗರದಲ್ಲೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಹೆಚ್ಚುಕಡಿಮೆ ಒಂದೇ. ಥಿನ್ನರು, ಪುಟ್ಟಿ, ಕಾಗದ ಯಾವುದೂ ಅಗ್ಗವಲ್ಲ. ಅಗ್ಗವಾಗಿದ್ದದ್ದು ಒಂದೇ, ಮನುಷ್ಯ.

ಸಾಬರು ಬಣ್ಣ ಹೊಡೆಯುವಾಗ ಮೂಗಿಗೆ ಒಂದು ಕರ್ಚೀಫು ಕಟ್ಟಿಕೊಳ್ಳುತ್ತಿದ್ದರು. ಅದು ಧೂಳು ತಡೆದೀತು. ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಟಾಲೀನ್ ಮೊದಲಾದ ದ್ರಾವಕಗಳ ಆವಿ ಸೇವಿಸಿದರೆ ತಲೆ ಸುತ್ತುತ್ತದೆ, ಹಸಿವು ಸಾಯುತ್ತದೆ, ವರ್ಷಗಟ್ಟಲೆಯಾದರೆ ನರಗಳಿಗೆ ಪೆಟ್ಟು. ಹಳದಿ ಮತ್ತು ಕೆಂಪು ಬಣ್ಣಗಳಲ್ಲಿ ಸೀಸ ಬೆರೆಸುವುದು ಆಗ ರೂಢಿ. ಆಮೇಲೆ ಬಂದ ಎರಡು ಡಬ್ಬಿಯ ಪಿ.ಯು. ಬಣ್ಣ ಇನ್ನೂ ಚಂದ, ಇನ್ನೂ ಗಟ್ಟಿ. ಆದರೆ ಅದರ ಹಾರ್ಡನರಿನಲ್ಲಿರುವ ಐಸೋಸಯನೇಟ್ ಪುಪ್ಪುಸಕ್ಕೆ ಹೋದರೆ ಜನ್ಮಕ್ಕಂಟುವ ಉಬ್ಬಸ ತರಬಲ್ಲದು. ಸಾಬರು ಮಧ್ಯಾಹ್ನದ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ‘ಬಾಯಿಗೆ ರುಚಿಯೇ ಇಲ್ಲ ಮೇಷ್ಟ್ರೇ, ಬೆಲ್ಲನೂ ಥಿನ್ನರ್ ಅಂತದೆ’ ಎನ್ನುತ್ತಿದ್ದರು. ಇದನ್ನು ನಾವೆಲ್ಲ ತಮಾಷೆ ಎಂದುಕೊಂಡು ನಕ್ಕವರು. ಐವತ್ತು ದಾಟುವಷ್ಟರಲ್ಲಿ ಅವರಿಗೆ ಮಾತು ಮುಗಿಸಲು ಎರಡು ಸಲ ಉಸಿರು ಬೇಕಾಗುತ್ತಿತ್ತು. ಇಂಥ ಕೆಮ್ಮಿಗೆ ಯಾವ ಡಾಕ್ಟರೂ ಪೇಂಟು ಕಾರಣ ಎಂದು ಬರೆದುಕೊಡಲಿಲ್ಲ, ಬೀಡಿ ಎಂದರು. ಬೀಡಿಯೂ ಇತ್ತು.

ಕಾನೂನು ಇರಲಿಲ್ಲವೇ? ಇತ್ತು. 1948ರ ಫ್ಯಾಕ್ಟರಿ ಕಾಯಿದೆಯಲ್ಲಿ ಗಾಳಿ, ಬೆಳಕು, ಹೊಗೆ, ಧೂಳು ಎಲ್ಲಕ್ಕೂ ನಿಯಮವಿತ್ತು. ಕಸುಬಿನಿಂದ ಬರುವ ರೋಗಗಳ ಪಟ್ಟಿಯಿತ್ತು, ಅದರಲ್ಲಿ ಸೀಸದ ವಿಷವೂ ಇತ್ತು. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಮಂದಿ, ಬಳಸದ ಕಡೆ ಇಪ್ಪತ್ತು ಮಂದಿ ಇದ್ದರೆ ಮಾತ್ರ ಅದು ಫ್ಯಾಕ್ಟರಿ. ಸಾಬರ ಶೆಡ್ಡಿನಲ್ಲಿ ಇದ್ದವರು ಅವರು, ಅವರ ತಮ್ಮ, ಮತ್ತು ಇಬ್ಬರು ಹುಡುಗರು. ಚೇತಕ್ಕಿಗೆ ಮೊದಲ ಬಣ್ಣ ಹೊಡೆದ ಕಾರ್ಮಿಕನಿಗೆ ಕಾಯಿದೆಯ ರಕ್ಷಣೆ ಇತ್ತು. ಎರಡನೆಯ ಬಣ್ಣ ಹೊಡೆದವನಿಗೆ ಇರಲಿಲ್ಲ. ಬಣ್ಣ ಒಂದೇ, ವಿಷ ಒಂದೇ, ತಲೆಗಳ ಎಣಿಕೆ ಮಾತ್ರ ಬೇರೆ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಸಂಹಿತೆಯಲ್ಲಿ ಈ ಹತ್ತು ಇಪ್ಪತ್ತಾಗಿದೆ, ಇಪ್ಪತ್ತು ನಲವತ್ತಾಗಿದೆ.

ಆ ಇಬ್ಬರು ಹುಡುಗರ ಮಾತೂ ಹೇಳಬೇಕು. ವಾಟರ್ ಪೇಪರ್ ಉಜ್ಜುವುದು ಅವರ ಪಾಲು. ಬೆಳಗಿನಿಂದ ಸಂಜೆವರೆಗೆ ಕೈ ನೀರಿನಲ್ಲಿ. ಬೆರಳ ತುದಿಯ ಚರ್ಮ ಸವೆದು ಗೆರೆಗಳೇ ಅಳಿಸಿಹೋಗಿರುತ್ತಿದ್ದವು. ವಯಸ್ಸು ಹನ್ನೊಂದೋ ಹನ್ನೆರಡೋ. ನನಗಿಂತ ಚಿಕ್ಕವರು. ನಮ್ಮ ಸ್ಕೂಟರಿಗೆ ಬಣ್ಣವಾದ ಅದೇ 1986ರಲ್ಲಿ ಬಾಲಕಾರ್ಮಿಕ ಕಾಯಿದೆ ಬಂತು. ತಗಡು ತಟ್ಟುವುದು, ಬಣ್ಣ ಹೊಡೆಯುವುದು ಸೇರಿದಂತೆ ವಾಹನ ರಿಪೇರಿಯ ಕೆಲಸ ಮುಂದೆ ಅದರ ಅಪಾಯಕಾರಿ ಕಸುಬುಗಳ ಪಟ್ಟಿಗೆ ಸೇರಿತು. 2016ರ ತಿದ್ದುಪಡಿಯಲ್ಲಿ ಹದಿನಾಲ್ಕರೊಳಗಿನವರನ್ನು ದುಡಿಮೆಗೆ ಹಚ್ಚುವುದೇ, ಮನೆಯವರಿಗೆ ಬಿಡುವಿನಲ್ಲಿ ನೆರವಾಗುವಂಥ ಒಂದೆರಡು ವಿನಾಯಿತಿ ಬಿಟ್ಟು, ನಿಷಿದ್ಧವಾಯಿತು. ಆ ಹುಡುಗರಲ್ಲಿ ಒಬ್ಬ ಮುಂದೆ ಸ್ವಂತ ಶೆಡ್ಡು ಹಾಕಿದ. ಇನ್ನೊಬ್ಬ ಗಲ್ಫಿಗೆ ಹೋದ ಎಂದು ಕೇಳಿದ್ದೇನೆ. ತಮ್ಮ ತರಗತಿಯಲ್ಲಿ ಹಾಜರಿ ಕೂಗುತ್ತಿದ್ದ ನಮ್ಮ ತಂದೆ, ಶೆಡ್ಡಿನಲ್ಲಿ ಇವರಿಬ್ಬರನ್ನು ನೋಡಿ ಒಂದು ದಿನ ಸಾಬರೊಡನೆ ಮೆಲ್ಲಗೆ ಮಾತು ತೆಗೆದದ್ದು ನನಗೆ ನೆನಪಿದೆ.

“ಈ ಹುಡುಗರನ್ನ ಜೂನ್‌ನಿಂದ ಶಾಲೆಗೆ ಕಳಿಸಿ ಸಾಬ್ರೇ.”

ಸಾಬರು ಉಜ್ಜುವುದನ್ನು ನಿಲ್ಲಿಸದೆ, “ಕಳಿಸ್ತೀನಿ ಮೇಷ್ಟ್ರೇ. ಕೂಲಿ ಇನ್ನೂರು ಜಾಸ್ತಿ ಮಾಡ್ತೀರಾ?” ಎಂದರು.

ತಂದೆ ಏನೂ ಹೇಳಲಿಲ್ಲ. ಹೇಳುವಂಥದು ಇರಲಿಲ್ಲ, ಎರಡು ಕಂತಿನಲ್ಲಿ ಕೊಡುತ್ತಿದ್ದವರು ಅವರು. ಸಾಬರ ಮಾತಿನಲ್ಲಿ ಕೋಪವೂ ಇರಲಿಲ್ಲ. ಬಡ ಮೇಷ್ಟರ ಮಿತವ್ಯಯಕ್ಕೂ ಪೇಂಟರನ ಬಡತನಕ್ಕೂ ಅದಕ್ಕಿಂತ ಕೆಳಗಿನ ಆ ಹುಡುಗರ ಬೆರಳಿಗೂ ಇದ್ದ ಸಂಬಂಧ ಆ ಒಂದು ಪ್ರಶ್ನೆಯಲ್ಲಿತ್ತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. ಎಂಬತ್ತರ ದಶಕದ ನಡುವಿನಲ್ಲಿ ಕೈನೆಟಿಕ್ ಹೋಂಡಾ ಪ್ಲಾಸ್ಟಿಕ್ಕಿನ ಮೈ ಹೊತ್ತು ಬಂತು. ಅದಕ್ಕೆ ತುಕ್ಕಿಲ್ಲ, ಗುಳಿ ಬೀಳುವುದಿಲ್ಲ, ಬಿದ್ದರೆ ಸೀಳುತ್ತದೆ. 1989ರಲ್ಲಿ ‘ಹಮಾರಾ ಬಜಾಜ್’ ಜಾಹೀರಾತು ಟೀವಿಯಲ್ಲಿ ಮೊಳಗಿತು. ಆಗಲೇ ಆ ಸ್ಕೂಟರಿನ ಕಾಲ ಇಳಿಯತೊಡಗಿತ್ತು. 1991ರ ಕೈಗಾರಿಕಾ ನೀತಿಯ ನಂತರ ಲೈಸೆನ್ಸು ಹೋಯಿತು, ಸರದಿ ಹೋಯಿತು. ತೊಂಬತ್ತರ ಕೊನೆಯ ಹೊತ್ತಿಗೆ ಜನ ಮೋಟಾರ್ ಸೈಕಲ್ಲಿಗೆ ಹೊರಳಿದ್ದರು. 2001ರಲ್ಲಿ ಹೋಂಡಾದ ಆಕ್ಟಿವಾ ಬಂದು ಸ್ಕೂಟರಿಗೆ ಮರುಜೀವ ಕೊಟ್ಟಿತಾದರೂ ಅದು ಗೇರಿಲ್ಲದ ಬೇರೆ ಸಂಸಾರ. ಬಜಾಜ್‌ನವರು 2009ರಲ್ಲಿ ಸ್ಕೂಟರನ್ನೇ ಬಿಟ್ಟರು. ಲಕ್ನೋದ ಸರ್ಕಾರಿ ಕಾರ್ಖಾನೆಯನ್ನು ಮುಚ್ಚಲು 2021ರಲ್ಲಿ ಆದೇಶವಾಯಿತು. ಈ ನಡುವೆ ಚೇತಕ್ ಹೆಸರು 2020ರಲ್ಲಿ ಬ್ಯಾಟರಿ ಗಾಡಿಯಾಗಿ ಮರಳಿ ಬಂದಿದೆ. ಅದರ ಮೈ ಉಕ್ಕಿನದೇ ಎಂದು ಕಂಪನಿ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ.

ಈಗ ಪ್ಲಾಸ್ಟಿಕ್ ಪ್ಯಾನೆಲ್ ಸೀಳಿದರೆ ಹೊಸದನ್ನೇ ತಂದು ಹಾಕುತ್ತಾರೆ. ಇನ್ಷೂರೆನ್ಸಿನವರು ಒಂದಿಷ್ಟು ಕೊಡುತ್ತಾರೆ. ಹಳೆಯ ಚೇತಕ್ಕಿಗೆ ಎರಡನೆಯ ಬಣ್ಣ ಹೊಡೆಸುವವರೂ ಇದ್ದಾರೆ, ಆದರೆ ಅವರು ಬೇರೆ ಜನ. ಹಳೆ ಗಾಡಿಯ ಹುಚ್ಚಿರುವ ಬೆಂಗಳೂರಿನ ತರುಣರು ಗುಜರಿಯಿಂದ ಗಾಡಿ ಎತ್ತಿ, ಒಂದೊಂದು ನಟ್ಟಿನವರೆಗೆ ಬಿಚ್ಚಿ, ಮೂಲ ಬಣ್ಣವನ್ನೇ ಹುಡುಕಿ ಹೊಡೆಸುತ್ತಾರೆ. ಅವರ ಪೇಂಟರು ಗಾಜಿನ ಕೋಣೆಯಲ್ಲಿ ನಿಂತು, ಇದ್ದಿಲಿನ ಸೋಸುಕದ ಮಾಸ್ಕು ಹಾಕಿಕೊಂಡು ಕೆಲಸ ಮಾಡುತ್ತಾನೆ. ಅದಕ್ಕೆ ತಗಲುವ ಖರ್ಚು ಕೇಳಿದರೆ ನಮ್ಮ ತಂದೆಯ ಕಾಲದವರು ಗಾಬರಿಯಾದಾರು. ನನಗೆ ಅದು ದುಬಾರಿ ಎನ್ನಿಸುವುದಿಲ್ಲ. ಒಬ್ಬ ಮನುಷ್ಯನ ಪುಪ್ಪುಸವನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಬಣ್ಣ ಹೊಡೆದರೆ ಆಗುವ ಬೆಲೆ ಅದು. ಆ ಬೆಲೆಯನ್ನು 1986ರಲ್ಲಿ ಕೊಡುವ ಶಕ್ತಿ ಮೇಷ್ಟರಿಗೆ ಇರಲಿಲ್ಲ, ಕೇಳುವ ಧೈರ್ಯ ಸಾಬರಿಗೆ ಇರಲಿಲ್ಲ. ಉಳಿದ ಬಾಕಿಯನ್ನು ಕರ್ಚೀಫು ಕಟ್ಟಿದ ಒಂದು ಮುಖ ತೀರಿಸಿತು.

ಸಣ್ಣ ಊರುಗಳಲ್ಲಿ ಇವತ್ತಿಗೂ ಆ ಕರ್ಚೀಫು ಹೋಗಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಡೆದರೆ ಥಿನ್ನರಿನ ವಾಸನೆಯೇ ದಾರಿ ತೋರಿಸುತ್ತದೆ. ಗಾಡಿಗಳು ಬದಲಾಗಿವೆ, ಗನ್ನಿಗೆ ಹೊಸ ಕಂಪ್ರೆಸರ್ ಬಂದಿದೆ, ಪಿ.ಯು. ಬಣ್ಣ ಬಂದಿದೆ. ಎರಡು ಸೋಸುಕದ ಒಂದು ಒಳ್ಳೆಯ ಮಾಸ್ಕಿಗೆ ಒಂದು ಡಬ್ಬಿ ಬಣ್ಣಕ್ಕಿಂತ ಹೆಚ್ಚೇನೂ ಆಗುವುದಿಲ್ಲ. ಬಣ್ಣ ಹೊಡೆಸಲು ಹೋದವರು ಕೂಲಿ ಚೌಕಾಸಿ ಮಾಡುವ ಮೊದಲು ಅದು ಗೋಡೆಯ ಮೊಳೆಗೆ ನೇತಾಡುತ್ತಿದೆಯೇ ಎಂದು ಒಮ್ಮೆ ನೋಡಬಹುದು. ಇಲ್ಲದಿದ್ದರೆ ಅದರ ದುಡ್ಡನ್ನೂ ಸೇರಿಸಿ ಕೊಡಬಹುದು.